ಬಿಸಿಯಾದರೆ ಆಫ್, ತಣ್ಣಗಾದರೆ ಸ್ಟಾರ್ಟ್: 2006ರ ಪೆಟ್ರೋಲ್ ಗಾಡಿ, ಪಂಪ್ ಬದಲಿಸಿದ್ದಾಯಿತು, ಇನ್ನೇನು ನೋಡಲಿ?

ಹಾಸನದ ಮೇಷ್ಟ್ರು · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಅಪ್ಪ ಓಡಿಸುತ್ತಿದ್ದ ಗಾಡಿ, 2006ರ ಹ್ಯಾಚ್‌ಬ್ಯಾಕ್, 1.1 ಲೀಟರ್ ಪೆಟ್ರೋಲ್, 1,32,000 ಕಿಲೋಮೀಟರ್ ಓಡಿದೆ. ಕಂಪನಿ ಹೆಸರು ಬೇಕಂತಲೇ ಹಾಕಿಲ್ಲ. ಹಾಕಿದರೆ ಗಾಡಿ ವಿಷಯ ಬಿಟ್ಟು ಕಂಪನಿ ವಿಷಯಕ್ಕೆ ಜಗಳ ಶುರುವಾಗುತ್ತದೆ.

ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್. ಶಾಲೆಗೆ ಹೋಗಿ ಬಂದರೆ ಏನೂ ತೊಂದರೆ ಇಲ್ಲ. ಆದರೆ 40-45 ನಿಮಿಷ ಒಂದೇ ಸಮ ಓಡಿಸಿದರೆ, ಅದರಲ್ಲೂ ಏರಿನಲ್ಲಿ, ಕೀ ತಿರುಗಿಸಿ ಆಫ್ ಮಾಡಿದ ಹಾಗೆ ನಿಂತುಬಿಡುತ್ತದೆ. ಮುಂಚೆ ಜರ್ಕ್ ಇಲ್ಲ, ಮಿಸ್ಸಿಂಗ್ ಇಲ್ಲ. ಆಮೇಲೆ ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಬಾನೆಟ್ ತೆಗೆದಿಟ್ಟು ಅರ್ಧ ಗಂಟೆ ಕೂತರೆ ಏನೂ ಆಗಿಲ್ಲವೇನೋ ಎನ್ನುವಂತೆ ಸ್ಟಾರ್ಟ್ ಆಗುತ್ತದೆ.

ಹೋದ ವಾರ ಧರ್ಮಸ್ಥಳದಿಂದ ವಾಪಸ್ ಬರುವಾಗ ಶಿರಾಡಿ ಘಾಟಿಯಲ್ಲಿ, ಕೆಂಪುಹೊಳೆ ಹತ್ತಿರ ನಿಂತಿತು. ತಿರುವು. ಹಿಂದೆ ಗ್ಯಾಸಿನ ಬುಲೆಟ್ ಟ್ಯಾಂಕರ್. ಫೋನಿಗೆ ಸಿಗ್ನಲ್ ಇಲ್ಲ. ಅಮ್ಮ ಮಂಜುನಾಥನನ್ನು ನೆನೆಯುತ್ತಾ ಕೂತಿದ್ದರು, ನಾನು ಮರದ ಕೊಂಬೆ ಮುರಿದು ರಸ್ತೆಗೆ ಇಡುತ್ತಿದ್ದೆ.

ಗ್ಯಾರೇಜಿನಲ್ಲಿ ಮೊದಲು ಪ್ಲಗ್ ಬದಲಿಸಿದರು. ಆಮೇಲೆ ಇಗ್ನಿಷನ್ ಕಾಯಿಲ್. ಆಮೇಲೆ ಪೆಟ್ರೋಲ್ ಪಂಪ್, ಫಿಲ್ಟರ್. ಒಟ್ಟು 11,400 ರೂಪಾಯಿ. ಗಾಡಿ ಈಗಲೂ ಹಾಗೆಯೇ ಇದೆ. ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ನಿಲ್ಲುತ್ತದೆ, ಚೆಕ್ ಎಂಜಿನ್ ಲೈಟ್ ಒಮ್ಮೆಯೂ ಬಂದಿಲ್ಲ. ಸ್ಕ್ಯಾನರ್ ಹಾಕಿದರು, ಕನೆಕ್ಟ್ ಆಗಲಿಲ್ಲ. ಈಗ 'ಇಸಿಎಂ ಹೋಗಿರಬೇಕು ಸರ್' ಅನ್ನುತ್ತಿದ್ದಾರೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಗಾಡಿಗೆ ಇರುವ ಬೆಲೆಯೇ 60 ಸಾವಿರ. ದಾರಿ ತೋರಿಸಿ.

ಕ್ಲಚ್ ಕಿಟ್ಟಿ · ಭಾನುವಾರ ರಾತ್ರಿ

ಮಾರಿಬಿಡಿ ಸರ್. 15 ವರ್ಷ ದಾಟಿದ ಗಾಡಿ, 5 ವರ್ಷಕ್ಕೊಮ್ಮೆ ಎಫ್‌ಸಿ ಅಂತ ಆರ್‌ಟಿಓ ಅಲೆಯುವುದು ಬೇರೆ.

ಹಾಸನದ ಮೇಷ್ಟ್ರು · ಭಾನುವಾರ ರಾತ್ರಿ

ಎಫ್‌ಸಿ ಮಾಡಿಸಿ ಇನ್ನೂ ವರ್ಷ ಆಗಿಲ್ಲ. ಅಪ್ಪನ ಗಾಡಿ. ಮಾರುವ ಮಾತು ಬೇಡ.

ಕುಡ್ಲದ ರಿಕ್ಷಾ · ಸೋಮವಾರ ಬೆಳಿಗ್ಗೆ

ಮೇಷ್ಟ್ರೇ, ನಿಂತಾಗ ಒಮ್ಮೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ ಮಾರಾಯ್ರೆ. 'ಉಸ್' ಅಂತ ಗಾಳಿ ಎಳೆದುಕೊಂಡರೆ ಗಾಳಿಯಾಡುವ ದಾರಿ ಕಟ್ಟಿದೆ ಅಂತ. ಇಲ್ಲ ಅಂದರೆ ವೇಪರ್ ಲಾಕ್. ನಮ್ಮ ಹಳೇ ಜೀಪಿಗೆ ಚಾರ್ಮಾಡಿಯಲ್ಲಿ ಹೀಗೇ ಆಗುತ್ತಿತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಸರಿ.

ವೈರಿಂಗ್ ವೆಂಕಟೇಶ · ಸೋಮವಾರ ಮಧ್ಯಾಹ್ನ

ಜೀಪಿನದು ಕಾರ್ಬುರೇಟರ್ ಕಾಲದ ಕಥೆ. ಅಲ್ಲಿ ಪಂಪ್ ಎಂಜಿನ್ ಪಕ್ಕದಲ್ಲೇ ಕಾಯುತ್ತಾ ಕೂತಿರುತ್ತಿತ್ತು, ಪೈಪಿನಲ್ಲೇ ಪೆಟ್ರೋಲ್ ಆವಿಯಾಗುತ್ತಿತ್ತು. ಇವರದು ಇಂಜೆಕ್ಷನ್. ಪಂಪ್ ಟ್ಯಾಂಕಿನೊಳಗೆ ಮುಳುಗಿದೆ, ಪೈಪಿನಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತದೆ. ವೇಪರ್ ಲಾಕ್ ಸುಲಭಕ್ಕೆ ಆಗುವುದಿಲ್ಲ. ಮುಚ್ಚಳ ತೆಗೆದು ನೋಡುವುದಕ್ಕೆ ಮಾತ್ರ ಖರ್ಚಿಲ್ಲ, ನೋಡಿ.

ನಾನು ತುಮಕೂರಿನಲ್ಲಿ 31 ವರ್ಷ ಆಟೋ ಎಲೆಕ್ಟ್ರಿಷಿಯನ್ ಕೆಲಸ ಮಾಡಿದವನು. ಈಗ ಅಂಗಡಿ ಮಗ ನೋಡಿಕೊಳ್ಳುತ್ತಾನೆ. ಮೇಷ್ಟ್ರು ಬರೆದಿದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು 'ಕೀ ತಿರುಗಿಸಿ ಆಫ್ ಮಾಡಿದ ಹಾಗೆ' ಅನ್ನುವ ಮಾತು. ಪೆಟ್ರೋಲ್ ಕಮ್ಮಿಯಾಗಿ ನಿಲ್ಲುವ ಗಾಡಿ ಕೆಮ್ಮುತ್ತದೆ, ಎಳೆಯುತ್ತದೆ, ಪಿಕಪ್ ಬಿಡುತ್ತದೆ, ಆಮೇಲೆ ನಿಲ್ಲುತ್ತದೆ. ಇದು ಒಂದೇ ಏಟಿಗೆ ನಿಂತಿದೆ. ಅಂದರೆ ಪ್ಲಗ್ಗಿನ ಕರೆಂಟೂ ಪೆಟ್ರೋಲೂ ಒಟ್ಟಿಗೆ ಹೋಗಿವೆ. ಎರಡನ್ನೂ ಒಟ್ಟಿಗೆ ನಿಲ್ಲಿಸಬಲ್ಲ ಚಿಕ್ಕ ಸಾಮಾನು ಅಂದರೆ ಕ್ರ್ಯಾಂಕ್ ಸೆನ್ಸರ್, ಎಂಜಿನ್ ತಿರುಗುತ್ತಿದೆ ಅಂತ ಇಸಿಎಂಗೆ ತಿಳಿಸುವುದು ಅದೇ.

ಅದು ಇರುವುದು ಫ್ಲೈವೀಲ್ ಹತ್ತಿರ ಅಥವಾ ಕ್ರ್ಯಾಂಕ್ ಪುಲ್ಲಿ ಹತ್ತಿರ. ಒಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ಸುರುಳಿ. ಎದುರಿಗೆ ಹಲ್ಲಿನ ಚಕ್ರ ತಿರುಗುತ್ತದೆ. ಬಹಳ ಗಾಡಿಗಳಲ್ಲಿ 60 ಹಲ್ಲಿನ ಜಾಗ ಇದ್ದು 58 ಹಲ್ಲು ಮಾತ್ರ ಇರುತ್ತವೆ. ಎರಡು ಹಲ್ಲು ಬೇಕಂತಲೇ ಬಿಟ್ಟಿರುತ್ತಾರೆ. ಆ ಖಾಲಿ ಜಾಗ ಎದುರಿಗೆ ಬಂದಾಗ ಇಸಿಎಂಗೆ ಪಿಸ್ಟನ್ ಎಲ್ಲಿದೆ ಅಂತ ತಿಳಿಯುತ್ತದೆ. ಸಿಗ್ನಲ್ ತಪ್ಪಿದರೆ ಅದು ಇಂಜೆಕ್ಟರನ್ನೂ ಬಿಡುವುದಿಲ್ಲ, ಪ್ಲಗ್ಗಿಗೆ ಕರೆಂಟೂ ಕೊಡುವುದಿಲ್ಲ, ಪಂಪನ್ನೂ ನಿಲ್ಲಿಸುತ್ತದೆ.

ಲೈಟ್ ಯಾಕೆ ಬರಲಿಲ್ಲ ಅಂತ ಕೇಳಬಹುದು. ಆ ಕಾಲದ ಇಸಿಎಂಗೆ ಸಿಗ್ನಲ್ ಇಲ್ಲ ಅಂದರೆ ಎಂಜಿನ್ ತಿರುಗುತ್ತಿಲ್ಲ ಅಂತ ಅರ್ಥ. ತಿರುಗದ ಎಂಜಿನ್ ಸಿಗ್ನಲ್ ಕೊಡದಿದ್ದರೆ ಅದಕ್ಕೆ ತಪ್ಪು ಅನ್ನಿಸುವುದಿಲ್ಲ, ಅಲ್ವಾ?

ಆದರೆ ಈಗಲೇ ಸೆನ್ಸರ್ ತರಲು ಓಡಬೇಡಿ. ಆಗಲೇ ಮೂರು ಸಾಮಾನು ಊಹೆ ಮೇಲೆ ಬದಲಾಗಿವೆ. ಮತ್ತೆ ನಿಂತಾಗ ಮೂರು ವಿಷಯ ನೋಡಿ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಏಳುತ್ತದೆಯೇ? ಪ್ಲಗ್ಗಿಗೆ ಕರೆಂಟ್ ಬರುತ್ತಿದೆಯೇ? ಪ್ಲಗ್ ಬಿಚ್ಚಿದರೆ ಒಣಗಿದೆಯೋ, ಪೆಟ್ರೋಲಿನಲ್ಲಿ ನೆಂದಿದೆಯೋ?

ಹುಬ್ಬಳ್ಳಿ ಬಸು · ಸೋಮವಾರ ಸಂಜೆ

ಸ್ಕ್ಯಾನರ್ ಕನೆಕ್ಟ್ ಆಗಲಿಲ್ಲ ಅಂದ್ರ ಇಸಿಎಂ ಹೋಗೇತಿ ಅಂತಲ್ರೀ. ನಮ್ಮಲ್ಲಿ ಒಬಿಡಿ (ಗಾಡಿ ತನ್ನ ದೋಷ ತಾನೇ ಹಿಡಿದು ಸ್ಕ್ಯಾನರಿಗೆ ಹೇಳುವ ವ್ಯವಸ್ಥೆ) ಕಡ್ಡಾಯ ಆಗಿದ್ದು 2010ರ ಏಪ್ರಿಲ್‌ನಲ್ಲಿ, ಬಿಎಸ್-4 ಹೊಗೆ ನಿಯಮದ ಜೊತೆಗೆ. ಅದೂ ಮೊದಲು ಬೆಂಗಳೂರು ಸೇರಿ 13 ಊರುಗಳಿಗೆ. ಒಬಿಡಿ-2 ಬಂದಿದ್ದು 2013ರಲ್ಲಿ. 2006ರ ಗಾಡಿಯಲ್ಲಿ ಸ್ಟೀರಿಂಗ್ ಕೆಳಗೆ ಅದೇ 16 ಪಿನ್ನಿನ ಸಾಕೆಟ್ ಇರಬಹುದು, ಆದರೆ ಒಳಗಿನ ಭಾಷೆ ಆ ಕಂಪನಿಯದೇ. ಆನ್‌ಲೈನಿನಲ್ಲಿ ಸಿಗುವ ನೀಲಿ ಬ್ಲೂಟೂತ್ ಡಬ್ಬಿಗೆ ಅದು ತಿಳಿಯುವುದಿಲ್ಲ. ಹಳೇ ಗಾಡಿಗಳ ಸಾಫ್ಟ್‌ವೇರ್ ಇರುವ ದೊಡ್ಡ ಸ್ಕ್ಯಾನರ್ ಇಟ್ಟವರ ಹತ್ತಿರ ಹೋಗ್ರಿ.

ನೀಲಿ ಡಬ್ಬಿ ನಾನೂ ತಗೊಂಡೀನ್ರಿ. ಡ್ರಾಯರಿನ್ಯಾಗ ಮಲಗೇತಿ.

ಲತಾ ಕೋಲಾರ · ಸೋಮವಾರ ರಾತ್ರಿ

ಎಂಜಿನ್ ತಣಿಸುವ ನೀರಿನ ಬಿಸಿ ಅಳೆಯುವ ಕೂಲಂಟ್ ಸೆನ್ಸರ್ ಯಾರೂ ಹೇಳಲಿಲ್ಲವಲ್ಲ. ನಮ್ಮ 2004ರ ವ್ಯಾನ್ (ಹೂವಿನ ಮಾರ್ಕೆಟ್ಟಿಗೆ ಓಡುತ್ತದೆ) ಬಿಸಿ ಇದ್ದಾಗ ಸ್ಟಾರ್ಟ್ ಆಗಲು ಒದ್ದಾಡುತ್ತಿತ್ತು. ಹೊಗೆ ಕಪ್ಪು, ಪೆಟ್ರೋಲ್ ವಾಸನೆ, ಮೈಲೇಜ್ 14ರಿಂದ 9ಕ್ಕೆ ಇಳಿಯಿತು. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಮಾತ್ರ ಸರಿಯಾಗಿಯೇ ಇತ್ತು. ಆಮೇಲೆ ಗೊತ್ತಾಯಿತು, ಮುಳ್ಳಿಗೆ ಬೇರೆ ಸೆನ್ಸರ್, ಇಸಿಎಂಗೆ ಬೇರೆ ಸೆನ್ಸರ್ ಅಂತ.

ನಮ್ಮ ಮೆಕ್ಯಾನಿಕ್ ಹುಡುಗ ಒಂದು ಉಪಾಯ ಮಾಡಿದ. ರಾತ್ರಿಯೆಲ್ಲಾ ನಿಂತ ಗಾಡಿಗೆ ಬೆಳಿಗ್ಗೆ 6 ಗಂಟೆಗೆ ಸ್ಕ್ಯಾನರ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದ. ಒಳಗೆ ಹೋಗುವ ಗಾಳಿ ಎಷ್ಟು ಬಿಸಿ ಇದೆ, ಕೂಲಂಟ್ ಎಷ್ಟು ಬಿಸಿ ಇದೆ ಅಂತ ಅಕ್ಕಪಕ್ಕ ನೋಡಿದ. ಅಷ್ಟು ಹೊತ್ತಿನಲ್ಲಿ ಎರಡೂ ಒಂದೇ ಇರಬೇಕು. ಗಾಳಿ 21 ಡಿಗ್ರಿ, ಕೂಲಂಟ್ 12 ಡಿಗ್ರಿ ಅಂತ ಬಂತು! ಎಂಜಿನ್ ಪೂರ್ತಿ ಕಾದ ಮೇಲೂ 36 ದಾಟಲಿಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಎಂ ಪೆಟ್ರೋಲ್ ಸುರಿಯುತ್ತಿತ್ತು.

ಸೆನ್ಸರ್ ಬದಲಿಸಲೇ ಇಲ್ಲ. ಅದರ ವೈರ್ ಸಿಕ್ಕಿಸುವ ಕಪ್ಲರ್ ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು. ಕೆರೆದು, ಪಿನ್ ಬಿಗಿ ಮಾಡಿದ ಮೇಲೆ ಸರಿಹೋಯಿತು.

ವೈರಿಂಗ್ ವೆಂಕಟೇಶ · ಸೋಮವಾರ ರಾತ್ರಿ

ಭೇಷ್ ಲತಾ ಅವರೇ, ಆ ಹುಡುಗನಿಗೆ ನನ್ನ ಶಹಬ್ಬಾಸ್ ಹೇಳಿ. ಆ ಸೆನ್ಸರ್ ತಣ್ಣಗಿದ್ದಾಗ 2,000-2,500 ಓಮ್ (ಕರೆಂಟಿಗೆ ಇರುವ ತಡೆಯ ಅಳತೆ) ತೋರಿಸುತ್ತದೆ, 80 ಡಿಗ್ರಿಗೆ 300ರ ಆಸುಪಾಸಿಗೆ ಇಳಿಯುತ್ತದೆ. ನಡುವೆ ಕಿಲುಬು ಸಾವಿರ ಓಮ್ ಸೇರಿಸಿದರೆ, ತಣ್ಣಗಿದ್ದಾಗ ಸ್ವಲ್ಪ ಸುಳ್ಳು, ಬಿಸಿಯಾದಾಗ ದೊಡ್ಡ ಸುಳ್ಳು. ಕಪ್ಲರ್ ಪೂರ್ತಿ ಕಿತ್ತರೆ ಮೈನಸ್ 40 ಅಂತ ತೋರಿಸುತ್ತದೆ.

ಆದರೆ ಅದರಿಂದ ಗಾಡಿ ಓಡುತ್ತಾ ಓಡುತ್ತಾ ಪಟ್ಟಂತ ನಿಲ್ಲುವುದಿಲ್ಲ. ಅದಕ್ಕೇ ನಾನು ಪ್ಲಗ್ ನೋಡಿ ಅಂದಿದ್ದು. ನೆಂದಿದ್ದರೆ ಲತಾ ಅವರ ದಾರಿ, ಒಣಗಿದ್ದರೆ ನನ್ನ ದಾರಿ.

ಹಾಸನದ ಮೇಷ್ಟ್ರು · ಶನಿವಾರ ರಾತ್ರಿ

ಇವತ್ತು ಗಾಡಿ ನಿಲ್ಲಲಿ ಅಂತ ಹರಕೆ ಹೊತ್ತುಕೊಂಡೇ ಹೊರಟೆ. ಮಗನನ್ನೂ ಕರೆದುಕೊಂಡು ಬೇಲೂರಿಗೆ ಹೋದೆ. ಹೋಗುವಾಗ ಏನೂ ಇಲ್ಲ. ವಾಪಸ್ ಬರುವಾಗ ಹಗರೆ ದಾಟಿದ ಮೇಲೆ ನಿಂತಿತು. ಗಾಡಿ ಕೆಟ್ಟಿದ್ದಕ್ಕೆ ಖುಷಿಪಟ್ಟಿದ್ದು ಇದೇ ಮೊದಲು.

ಸೆಲ್ಫ್ ಹೊಡೆದರೆ ಆರ್‌ಪಿಎಂ ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡಲಿಲ್ಲ. ಬೆಳಿಗ್ಗೆ ಹೊರಡುವಾಗ ನೋಡಿದ್ದೆ, ಆಗ 200ರ ಹತ್ತಿರ ಏಳುತ್ತಿತ್ತು. ಪ್ಲಗ್ಗಿಗೆ ಟೆಸ್ಟರ್ ಹಾಕಿದೆ, ಕರೆಂಟ್ ಇಲ್ಲ. ಪ್ಲಗ್ ಒಣಗಿತ್ತು. ಹಿಂದಿನ ಸೀಟ್ ಎತ್ತಿ ಮಗ ಪಂಪಿನ ತಲೆ ಮೇಲೆ ಕೈ ಇಟ್ಟಿದ್ದ. ಕೀ ಆನ್ ಮಾಡಿದಾಗ ಎರಡು ಸೆಕೆಂಡ್ ನಡುಗಿತು, ಸೆಲ್ಫ್ ಹೊಡೆಯುವಾಗ ಸುಮ್ಮನಿತ್ತು.

ಸೆನ್ಸರ್ ಹುಡುಕುವುದಕ್ಕೇ 20 ನಿಮಿಷ ಹಿಡಿಯಿತು. ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ, ಕೆಳಗಡೆ, 10 ನಂಬರ್ ಬೋಲ್ಟ್ ಒಂದೇ. ಅದರದೇ ಒಂದು ಗೇಣು ವೈರ್ ಬಂದು ಮೇಲೆ ಕಪ್ಲರ್‌ಗೆ ಸೇರುತ್ತದೆ. ಕಪ್ಲರ್ ಬಿಚ್ಚಿ ಮೀಟರ್ ಇಟ್ಟರೆ 870 ಓಮ್. ಮತ್ತೆ ಹಾಕಿ ಸೆಲ್ಫ್ ಹೊಡೆದರೆ ಗಾಡಿ ಸ್ಟಾರ್ಟ್!

870 ಅಂದರೆ ಸೆನ್ಸರ್ ಸರಿ ಇದೆ ಅಂತ ಅಲ್ವಾ? ತಲೆ ಕೆಟ್ಟುಹೋಗಿದೆ.

ವೈರಿಂಗ್ ವೆಂಕಟೇಶ · ಶನಿವಾರ ರಾತ್ರಿ

ಮೀಟರ್ ಇಡುವ ಹೊತ್ತಿಗೆ ಅದು ತಣ್ಣಗಾಗಿತ್ತು, ಅಷ್ಟೇ. ಕಳ್ಳ ಮನೆ ಬಿಟ್ಟ ಮೇಲೆ ಬಾಗಿಲು ಕಾದಂತೆ.

ನಿಮ್ಮದು ಎರಡು ವೈರಿನದೇ ತಾನೇ? ಹಾಗಿದ್ದರೆ ಮಾತ್ರ ಓಮ್ ಲೆಕ್ಕ. ಮೂರು ವೈರಿನ ಹಾಲ್ ಸೆನ್ಸರ್ ಆಗಿದ್ದರೆ ಓಮ್‌ನಲ್ಲಿ ನೋಡಿ ಪ್ರಯೋಜನವಿಲ್ಲ, ಅದಕ್ಕೆ ಕರೆಂಟ್ ಕೊಟ್ಟು ನೋಡಬೇಕು. (ಕೆಲವು ಎರಡು ವೈರಿನವಕ್ಕೂ ಮೇಲೆ ಹೊರಗಿನ ಗಲಾಟೆ ತಡೆಯುವ ಶೀಲ್ಡ್ ಅಂತ ಮೂರನೇ ವೈರ್ ಇರುತ್ತದೆ, ಗಡಿಬಿಡಿ ಮಾಡಿಕೊಳ್ಳಬೇಡಿ.)

ಎಂಜಿನ್ ತಣ್ಣಗಿದ್ದಾಗ ಸೆನ್ಸರ್ ಬಿಚ್ಚಿ ಮನೆಗೆ ತನ್ನಿ. ಪ್ಲಾಸ್ಟಿಕ್ ತಲೆ ಹಿಡಿದು ತಿರುಚಬೇಡಿ, ಮುರಿದು ಒಳಗೇ ಉಳಿದರೆ ಫಜೀತಿ. ಬುಡಕ್ಕೆ ತುಕ್ಕಿನ ಎಣ್ಣೆ ಬಿಟ್ಟು ಒಂದು ಗಂಟೆ ಬಿಡಿ. ಮನೆಯಲ್ಲಿ ಹೇರ್ ಡ್ರೈಯರ್ ಇದ್ದರೆ ಮೀಟರ್ ಕಚ್ಚಿಸಿ ಬಿಸಿ ಮಾಡುತ್ತಾ ನೋಡಿ.

ಹಾಸನದ ಮೇಷ್ಟ್ರು · ಭಾನುವಾರ ಮಧ್ಯಾಹ್ನ

ಸಿಕ್ಕಿತು! ಎರಡೇ ವೈರ್. ತುದಿಯಲ್ಲಿ ಕಬ್ಬಿಣದ ಪುಡಿ ಮೀಸೆ ಹಾಗೆ ಅಂಟಿಕೊಂಡಿತ್ತು, ಒರೆಸಿದೆ. ಹೇರ್ ಡ್ರೈಯರ್ ಹಿಡಿದರೆ 870, 900, 960... ಕೈ ಮುಟ್ಟಲಾಗದಷ್ಟು ಬಿಸಿಯಾದಾಗ 1,080! ಕೆಟ್ಟಿದೆ, ಅಲ್ವಾ? ಹೊಸದು ತರುತ್ತೇನೆ.

ವೈರಿಂಗ್ ವೆಂಕಟೇಶ · ಭಾನುವಾರ ಮಧ್ಯಾಹ್ನ

ತಾಳಿ ಮೇಷ್ಟ್ರೇ. ತಾಮ್ರ ಬಿಸಿಯಾದರೆ ಓಮ್ ಏರಲೇಬೇಕು. ಒಂದು ಡಿಗ್ರಿಗೆ ಸುಮಾರು 0.39 ಶೇಕಡಾ. 25ರಿಂದ 90 ಡಿಗ್ರಿಗೆ ಹೋದರೆ ನೂರಕ್ಕೆ 25 ಜಾಸ್ತಿ. 870ಕ್ಕೆ ಲೆಕ್ಕ ಹಾಕಿ, 1,090 ಬರುತ್ತದೆ. ನಿಮ್ಮ ಸುರುಳಿ ಆರೋಗ್ಯವಾಗಿದೆ. ಕೆಟ್ಟಿದ್ದರೆ ಮೀಟರಿನಲ್ಲಿ ಅಂಕಿಯೇ ಹೋಗಿ 'ಓಎಲ್', ಅಂದರೆ ದಾರಿಯೇ ಕಡಿದಿದೆ, ಅಂತ ಬರಬೇಕಿತ್ತು.

ನನ್ನ ಅಂದಾಜು ತಪ್ಪಿತೋ ಏನೋ. ಇಸಿಎಂವರೆಗಿನ ವೈರ್ ನೋಡಬೇಕಾಗುತ್ತದೆ.

ಕುಡ್ಲದ ರಿಕ್ಷಾ · ಭಾನುವಾರ ಸಂಜೆ

ಈಗ ನಾನೊಂದು ಹೇಳುತ್ತೇನೆ, ಜೀಪಿನ ಹಾಗೆ ಆಗಲಿಕ್ಕಿಲ್ಲ. ಏರಿನಲ್ಲಿ ಜಾಸ್ತಿ ಅಂತ ಬರೆದಿದ್ದೀರಿ. ಏರಿನಲ್ಲಿ ಎಂಜಿನ್ ಒಂದು ಬದಿಗೆ ವಾಲುತ್ತದೆ. ಮೌಂಟಿಂಗ್ ರಬ್ಬರ್ ಹಳತಾಗಿದ್ದರೆ ಇನ್ನೂ ಜಾಸ್ತಿ. ಆಗ ಆ ಗೇಣುದ್ದದ ವೈರ್ ಎಳೆದಂತಾಗುತ್ತದೆ. ಹೇರ್ ಡ್ರೈಯರ್ ನೀವು ತಲೆಗೆ ಹಿಡಿದದ್ದು, ಬಾಲಕ್ಕಲ್ಲ. ಬಾಲಕ್ಕೂ ಹಿಡಿದು ವೈರನ್ನು ಬಗ್ಗಿಸಿ ನೋಡಿ.

ಹಾಸನದ ಮೇಷ್ಟ್ರು · ಭಾನುವಾರ ರಾತ್ರಿ

ರಿಕ್ಷಾ ಅಣ್ಣ, ನಿಮ್ಮ ಕಾಲಿಗೆ ಬೀಳಬೇಕು.

ಊಟದ ಟೇಬಲ್ ಮೇಲೆ ಸೆನ್ಸರ್ ಇಟ್ಟು, ಮೀಟರಿನ ಎರಡು ಕ್ಲಿಪ್ ಕಪ್ಲರ್ ಪಿನ್ನಿಗೆ ಕಚ್ಚಿಸಿದೆ. ಮಗ ಹೇರ್ ಡ್ರೈಯರ್ ಹಿಡಿದ. ನಾನು ಸೆನ್ಸರ್ ಕಡೆಯಿಂದ ಒಂದೊಂದು ಇಂಚೇ ವೈರ್ ಬಗ್ಗಿಸುತ್ತಾ ಬಂದೆ. ಮೂರು ಇಂಚು ತನಕ ಏನೂ ಆಗಲಿಲ್ಲ. ಎಂಜಿನ್ನಿಗೆ ಕ್ಲಿಪ್ ಹಿಡಿದಿರುತ್ತಲ್ಲ, ಆ ಗುರುತು ವೈರ್ ಮೇಲೆ ಇತ್ತು. ಅಲ್ಲಿ ಸಿಪ್ಪೆ ಒಡೆದಿಲ್ಲ, ಆದರೆ ಒತ್ತಿದರೆ ಒಳಗೆ ಟೊಳ್ಳು, ಒಣಗಿದ ಹುರುಳಿಕಾಯಿ ಹಾಗೆ. ಸ್ವಲ್ಪ ಬಗ್ಗಿಸಿದೆ. 1,040 ಇದ್ದದ್ದು ಓಎಲ್! ಬಿಟ್ಟರೆ ಮತ್ತೆ 1,040. ತಣ್ಣಗಾದ ಮೇಲೆ ಎಷ್ಟು ಬಗ್ಗಿಸಿದರೂ ಹೋಗುತ್ತಿರಲಿಲ್ಲ. ಬಿಸಿಯಾಗಿ ಸಿಪ್ಪೆ ಮೆತ್ತಗಾದಾಗ ಮಾತ್ರ ಒಳಗಿನ ತುಂಡು ದೂರ ಸರಿಯುತ್ತಿತ್ತು.

ಬ್ಲೇಡಿನಲ್ಲಿ ಸೀಳಿ ನೋಡಿದೆ. ಎಳೆಗಳೆಲ್ಲ ಕಪ್ಪಾಗಿ ಮುರಿದಿವೆ. ಒಂದರ ತುದಿಗೆ ಇನ್ನೊಂದು ತಾಗಿಕೊಂಡು ಇಷ್ಟು ದಿನ ಗಾಡಿ ಓಡಿದೆ.

ವೈರಿಂಗ್ ವೆಂಕಟೇಶ · ಭಾನುವಾರ ರಾತ್ರಿ

ರಿಕ್ಷಾ ಅವರೇ, ನಾನು ಹೇಳಬೇಕಿದ್ದ ಮಾತು ನೀವು ಹೇಳಿದಿರಿ. 31 ವರ್ಷ ವೈರ್ ಬಗ್ಗಿಸಿದವನು ಅದನ್ನೇ ಮರೆತೆ.

ಹುಬ್ಬಳ್ಳಿ ಬಸು · ಭಾನುವಾರ ರಾತ್ರಿ

ಹಾಗಾದರೆ ಹೊಸದು ಯಾಕ್ರೀ? ಸುರುಳಿ ಸರಿ ಐತಿ. ಆ ಜಾಗ ಕತ್ತರಿಸಿ ಸೋಲ್ಡರ್ ಮಾಡಿ, ಹೀಟ್ ಶ್ರಿಂಕ್ ಸ್ಲೀವ್ ಹಾಕ್ರಿ. ನನ್ನ ಗಾಡಿ ಹಂಗೇ ಎರಡು ವರ್ಷದಿಂದ ಓಡಾಕತ್ತೇತಿ.

ವೈರಿಂಗ್ ವೆಂಕಟೇಶ · ಭಾನುವಾರ ರಾತ್ರಿ

ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ನಿಂತರೆ ಬದಿಗೆ ತಳ್ಳಬಹುದು ಬಸು. ಶಿರಾಡಿಯಲ್ಲಿ ಬುಲೆಟ್ ಟ್ಯಾಂಕರ್ ಮುಂದೆ ನಿಂತರೆ? ಸೋಲ್ಡರ್ ಹಾಕಿದ ಕಡೆ ವೈರ್ ಗಟ್ಟಿಯಾಗುತ್ತದೆ. ಅಲುಗಾಟಕ್ಕೆ ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಜೊತೆಗೆ ಅದು ಸಣ್ಣ ಸಿಗ್ನಲ್ಲಿನ ವೈರ್. ಶೀಲ್ಡ್ ಸರಿಯಾಗಿ ಸೇರದಿದ್ದರೆ ಪ್ಲಗ್ ವೈರಿನ ಗಲಾಟೆಯೆಲ್ಲ ಒಳಗೆ ಬರುತ್ತದೆ.

ಹುಬ್ಬಳ್ಳಿ ಬಸು · ಭಾನುವಾರ ರಾತ್ರಿ

ಘಾಟಿಗೆ ಹೊಸದು ಹಾಕ್ರಿ, ಒಪ್ಪಿದೆ. ನಂದು ಮಾತ್ರ ನಾ ಬದಲಿಸಂಗಿಲ್ಲ.

ಲತಾ ಕೋಲಾರ · ಸೋಮವಾರ ಬೆಳಿಗ್ಗೆ

ಬೆಂಗಳೂರಿಗೆ ಬರುವವರಿದ್ದರೆ ಜೆ.ಸಿ. ರೋಡಿನಲ್ಲಿ ತೆಗೆದುಕೊಳ್ಳಿ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಮಾಡೆಲ್ ಹೆಸರು ಹೇಳಿದರೆ ಮೂರು ಥರದ್ದು ಎದುರಿಗಿಡುತ್ತಾರೆ. ಮೇಲಿರುವ ನಂಬರ್ ನೋಡಿ, ವೈರಿನ ಉದ್ದ ನೋಡಿ, ತುದಿಯಿಂದ ಬೋಲ್ಟ್ ಕಿವಿವರೆಗಿನ ಉದ್ದ ಪಕ್ಕಪಕ್ಕ ಇಟ್ಟು ನೋಡಿ. ಚಕ್ರಕ್ಕೂ ತುದಿಗೂ ಸುಮಾರು 1 ಮಿಲಿಮೀಟರ್ ಅಷ್ಟೇ ಸಂದು. ಡ್ಯೂಪ್ಲಿಕೇಟಿನಲ್ಲಿ ಅದೇ ಹೆಚ್ಚುಕಮ್ಮಿ ಆಗುವುದು.

ಹಾಸನದ ಮೇಷ್ಟ್ರು · ಎರಡು ವಾರದ ನಂತರ, ಭಾನುವಾರ

ತಡವಾಯಿತು, ಪರೀಕ್ಷೆ ಪೇಪರ್ ತಿದ್ದುವ ಕೆಲಸ ಇತ್ತು.

ಸೆನ್ಸರ್ ಬೆಂಗಳೂರಿನಿಂದ ಬಾಮೈದ ತಂದ. ಒಂದು ಅಂಗಡಿಯಲ್ಲಿ 450, ಇನ್ನೊಂದರಲ್ಲಿ 1,650. ಲತಾ ಅವರು ಹೇಳಿದ ಹಾಗೆ ಪಕ್ಕಪಕ್ಕ ಇಟ್ಟಾಗ 450ರದ್ದು ಕಣ್ಣಿಗೆ ಕಾಣುವಷ್ಟು ಗಿಡ್ಡ ಇತ್ತಂತೆ. 1,650ರದ್ದೇ ತಂದ. ಹಾಕುವ ಮುಂಚೆ 890 ಓಮ್. ಹಾಕಿದ ಮೇಲೆ, ವೆಂಕಟೇಶ್ ಸರ್ ಫೋನಿನಲ್ಲಿ ಹೇಳಿದಂತೆ, ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಸೆಲ್ಫ್ ಹೊಡೆಸಿದೆ, 0.8 ವೋಲ್ಟ್ ಸಿಗ್ನಲ್ ಬಂತು. ವೈರನ್ನು ಹಳೇ ಕ್ಲಿಪ್ಪಿಗೆ ಬಿಗಿಯಾಗಿ ಸಿಕ್ಕಿಸದೆ ಸ್ವಲ್ಪ ಸಡಿಲ ಬಿಟ್ಟು ಕಟ್ಟಿದ್ದೇನೆ. ಮೌಂಟಿಂಗ್ ರಬ್ಬರ್ ನಿಜಕ್ಕೂ ಹರಿದಿತ್ತು ರಿಕ್ಷಾ ಅಣ್ಣ, ಅದನ್ನೂ ಬದಲಿಸಿದೆ.

ನಿನ್ನೆ ಸುಬ್ರಹ್ಮಣ್ಯಕ್ಕೆ ಹೋಗಿ ಬಂದೆವು. ಬರುವಾಗ ಗುಂಡ್ಯದಿಂದ ದೋಣಿಗಲ್‌ವರೆಗೆ ಲಾರಿಗಳ ಹಿಂದೆ ಸೆಕೆಂಡ್ ಗೇರಿನಲ್ಲೇ ಹತ್ತಿದೆ. ನಿಲ್ಲಲಿಲ್ಲ. ಕೆಂಪುಹೊಳೆ ಬಂದಾಗ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ, ಅಮ್ಮ ಮಾತ್ರ ಡ್ಯಾಶ್‌ಬೋರ್ಡ್ ಮೇಲೆ ಕೈ ಇಟ್ಟುಕೊಂಡಿದ್ದರು.

ಗ್ಯಾರೇಜಿನವರಿಗೆ ಮುರಿದ ವೈರ್ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, 'ಇದನ್ನು ನನಗೆ ಕೊಡ್ತೀರಾ ಸರ್, ಹುಡುಗರಿಗೆ ತೋರಿಸಬೇಕು' ಅಂದರು. ಕೊಟ್ಟು ಬಂದೆ. ಹಳೇ ಪೆಟ್ರೋಲ್ ಪಂಪ್ ಕವರಿನಲ್ಲಿ ಹಾಕಿ ಡಿಕ್ಕಿಯಲ್ಲಿ ಇಟ್ಟಿದ್ದರು. ಅದು ಚೆನ್ನಾಗಿಯೇ ಇರಬೇಕಲ್ಲ? ಬ್ಯಾಟರಿಗೆ ಕೊಟ್ಟು ನೋಡಲೇ?

ವೈರಿಂಗ್ ವೆಂಕಟೇಶ · ಭಾನುವಾರ

ಬೇಡವೇ ಬೇಡ! ಒಳಗೆ ಪೆಟ್ರೋಲ್ ಆವಿ ಇರುತ್ತದೆ, ಒಂದು ಕಿಡಿ ಸಾಕು. ಅದೂ ಅಲ್ಲದೆ ಒಣಗಿದ ಪಂಪ್ ಓಡಿಸಿದರೆ ಚೆನ್ನಾಗಿರುವುದೂ ಹಾಳಾಗುತ್ತದೆ. ಸುಮ್ನೆ ಕವರಿನಲ್ಲೇ ಇರಲಿ.

ಹುಬ್ಬಳ್ಳಿ ಬಸು · ಭಾನುವಾರ

ಮಾರೋದಿದ್ರ ನನಗ ಹೇಳ್ರಿ ಮೇಷ್ಟ್ರ.